ಹಾವಸೆಗೊಂದು ಚಳಿ ಪೆಟ್ಟಿಗೆ: ಫ್ಯುನೇರಿಯಾ ಕಡ್ಡಿ ಎತ್ತುವವರೆಗಿನ ದಿನಚರಿ

ಎರಡು ವರ್ಷದಿಂದ ತಟ್ಟೆಯಲ್ಲಿ ಬೆಳೆಸುತ್ತಿದ್ದ ಹಾವಸೆ ಒಂದೇ ಒಂದು ಕಡ್ಡಿಯನ್ನೂ ಎತ್ತಿರಲಿಲ್ಲ. ಈ ಪೆಟ್ಟಿಗೆ ಕಟ್ಟಲು ಕಾರಣ ಅಷ್ಟೇ.

ಕಡ್ಡಿ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಾಲಿಟ್ಟರೆ ಜಾರುವ ಲೋಳೆ ಪಾಚಿ ಬೇರೆ, ಕೈಯಾಡಿಸಿದರೆ ಮಖಮಲ್ಲಿನಂತೆ ತಾಗುವ ಹಾವಸೆ ಬೇರೆ. ನಾನು ಹೇಳುತ್ತಿರುವುದು ಎರಡನೆಯದು, ಪುಸ್ತಕದಲ್ಲಿ ಮಾಸ್ ಅಂತ ಬರುವ ಗಿಡ. ಅದರ ಎಲೆ ಇರುವ ಹಸಿರು ಭಾಗದ ಕೋಶಗಳಲ್ಲಿ ಕ್ರೋಮೋಸೋಮುಗಳ ಒಂದೇ ಸೆಟ್ ಇರುತ್ತದೆ. ಗಂಡು ಹೆಣ್ಣು ಅಂಗಗಳು ಹುಟ್ಟುವುದು ಈ ಭಾಗದ ಮೇಲೆ. ಎರಡೂ ಕೂಡಿದ ಮೇಲೆ ತಾಯಿಗಿಡದ ತುದಿಯಿಂದಲೇ ಕೂದಲಿನಷ್ಟು ಸಣ್ಣ ಕಡ್ಡಿ ಮೇಲೇಳುತ್ತದೆ, ಅದರ ತಲೆಯಲ್ಲಿ ಸ್ಪೋರ್, ಅಂದರೆ ಹೊಸ ಗಿಡ ಹುಟ್ಟಿಸುವ ಪುಡಿಯಂಥ ಕಣಗಳು ತುಂಬಿದ ಪುಟ್ಟ ಡಬ್ಬಿ. ಅದೇ ಸ್ಪೋರೋಫೈಟ್, ಎರಡು ಸೆಟ್ ಕ್ರೋಮೋಸೋಮುಗಳ ಮುಂದಿನ ಪೀಳಿಗೆ. ಅದು ಕೊನೆಯವರೆಗೂ ತಾಯಿಯನ್ನು ಬಿಟ್ಟು ಹೋಗುವುದಿಲ್ಲ. ಈ ಎರಡು ಪೀಳಿಗೆಗಳ ಸರದಿಯನ್ನು 1851ರಲ್ಲಿ ಸಸ್ಯವಿಜ್ಞಾನಿ ಹಾಫ್‌ಮೈಸ್ಟರ್ ಬಿಡಿಸಿ ತೋರಿಸಿದರು. ಹಾವಸೆಯ ಗಂಡು ಹೆಣ್ಣು ಅಂಗಗಳನ್ನು ಅದಕ್ಕೂ ಮೊದಲೇ, 18ನೇ ಶತಮಾನದಲ್ಲೇ, ಹೆಡ್ವಿಗ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದರು.

ನನ್ನ ತಟ್ಟೆಯ ಹಾವಸೆ ಚೆನ್ನಾಗಿಯೇ ಇತ್ತು. ಹಸಿರು, ದಟ್ಟ, ಬೇಗ ಹಬ್ಬುತ್ತಿತ್ತು. ಆದರೆ ವರ್ಷವಿಡೀ ಒಂದೇ ಬಿಸುಪು, ಒಂದೇ ಬೆಳಕು, ಒಂದೇ ತೇವ. ಅದಕ್ಕೆ ಕಾಲ ಬದಲಾಯಿತು ಅಂತ ಗೊತ್ತಾಗುವುದಾದರೂ ಹೇಗೆ? ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಸುವ ಹಾವಸೆ ಫಿಸ್ಕೋಮಿಟ್ರಿಯಂ ಪೇಟೆನ್ಸ್. ನೀರು ಇಳಿದ ಕೆರೆಯಂಚಿನ ಕೆಸರಿನಲ್ಲಿ ಬೆಳೆಯುವ ಗಿಡ ಅದು. 25 ಡಿಗ್ರಿಯಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟರೆ ಎಲೆ ಬಿಡುತ್ತಲೇ ಹೋಗುತ್ತದೆ. 15 ಡಿಗ್ರಿಯ ಸುಮಾರಿಗೆ ಇಳಿಸಿ, ಬೆಳಕನ್ನು 8 ಗಂಟೆಗೆ ಕಡಿಮೆ ಮಾಡಿದರೆ ತುದಿಯಲ್ಲಿ ಲಿಂಗಾಂಗಗಳು ಮೂಡುತ್ತವೆ. ನನ್ನ ಹತ್ತಿರ ಇರುವುದು ಅದರ ಹತ್ತಿರದ ನಂಟ ಫ್ಯುನೇರಿಯಾ ಹೈಗ್ರೊಮೆಟ್ರಿಕಾ. ಬೆಂಕಿ ಬಿದ್ದು ತಣ್ಣಗಾದ ನೆಲ, ಇಟ್ಟಿಗೆಯ ಸಂದು, ಹೂಕುಂಡದ ಮಣ್ಣು, ಇಂಥಲ್ಲೆಲ್ಲ ಮೊದಲು ಬಂದು ಕೂರುವುದು ಇದೇ. ಇದಕ್ಕೂ ಚಳಿ ಬೇಕು, 10 ಡಿಗ್ರಿಯ ಆಸುಪಾಸು. ಹಾಗಾಗಿ ಪೆಟ್ಟಿಗೆಯ ಗುರಿ ಸ್ಪಷ್ಟವಿತ್ತು: ಸಣ್ಣ ಹಗಲು ಮತ್ತು 11 ಡಿಗ್ರಿ ಚಳಿ, ವಾರಗಟ್ಟಲೆ.

ದಿನ 1

ಬಲಿತ, ಆದರೆ ಇನ್ನೂ ಬಾಯಿ ಬಿಡದ ಡಬ್ಬಿಗಳನ್ನು ಹುಡುಕಿ ತಂದೆ. ಬಾಯಿ ಬಿಡದಿರುವುದು ಮುಖ್ಯ, ಆಗಷ್ಟೇ ಒಳಗಿನ ಸ್ಪೋರುಗಳಿಗೆ ಏನೂ ಆಗದಂತೆ ಹೊರಮೈ ತೊಳೆಯಬಹುದು. ಹತ್ತಕ್ಕೆ ಒಂದು ಪಾಲು ಬ್ಲೀಚ್ ಬೆರೆಸಿದ ನೀರಿನಲ್ಲಿ ಎರಡು ನಿಮಿಷ, ಆಮೇಲೆ ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ. ಕೊನೆಯ ನೀರಿನಲ್ಲೇ ಸೂಜಿಯಿಂದ ಡಬ್ಬಿ ಒಡೆದರೆ ನೀರು ತುಸು ಕದಡಿದಂತೆ ಕಾಣುತ್ತದೆ. ಅಷ್ಟು ಕದಡಲು ಸಾವಿರಾರು ಸ್ಪೋರುಗಳು ಬೇಕು.

ಅರ್ಧವನ್ನು ಅಗರ್ ಎಂಬ ಜೆಲ್ಲಿಯ ತಟ್ಟೆಗಳಿಗೆ ಸುರಿದೆ, ಅರ್ಧವನ್ನು ಹಬೆಯಲ್ಲಿ ಬೇಯಿಸಿ ಆರಿಸಿದ ನುಣುಪು ಮಣ್ಣಿನ ಕುಂಡಗಳಿಗೆ. ಅಗರಿಗೆ ಬಳಸಿದ್ದು ನಾಪ್ ದ್ರಾವಣ, ಗಿಡಕ್ಕೆ ಬೇಕಾದ ಲವಣಗಳ ನೀರು. ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ 1 ಗ್ರಾಂ. ಪೊಟ್ಯಾಶಿಯಂ ಕ್ಲೋರೈಡ್, ಪೊಟ್ಯಾಶಿಯಂ ಡೈಹೈಡ್ರೋಜನ್ ಫಾಸ್ಫೇಟ್, ಮೆಗ್ನೀಶಿಯಂ ಸಲ್ಫೇಟ್ ತಲಾ 250 ಮಿಲಿಗ್ರಾಂ. ಫೆರಸ್ ಸಲ್ಫೇಟ್ 12.5 ಮಿಲಿಗ್ರಾಂ, ಪಿಎಚ್ 5.8. ಕುಂಡಗಳಿಗೆ ಇದನ್ನೇ ನಾಲ್ಕು ಪಟ್ಟು ತೆಳುಮಾಡಿ ಒಂದೇ ಸಲ ಹಾಕಿದೆ. ಮುಂದೆ ಗೊಬ್ಬರ ಕೊಡಲಿಲ್ಲ. ಹೊಟ್ಟೆ ತುಂಬಿದ ಗಿಡ ಎಲೆಯಲ್ಲೇ ಉಳಿಯುತ್ತದೆ ಅನ್ನುವುದು ನನ್ನ ಎಣಿಕೆ.

ದಿನ 7ರಿಂದ 50

ವಾರದಲ್ಲಿ ಸ್ಪೋರುಗಳು ಒಡೆದು ಹಸಿರು ದಾರ ಬಿಟ್ಟವು. ಇದೇ ಪ್ರೋಟೊನೀಮಾ. ಬರಿಗಣ್ಣಿಗೆ ಮಣ್ಣಿನ ಮೇಲೆ ಹಸಿರು ಹೊಗೆ ಕೂತಂತೆ. ಮೂರನೇ ವಾರದಲ್ಲಿ ದಾರಗಳ ಮೇಲೆ ಮೊಗ್ಗು, ಆರನೇ ವಾರದ ಹೊತ್ತಿಗೆ ಎಲೆಯಿರುವ ಗಿಡ. ಅಷ್ಟೂ ದಿನ ಕುಂಡಗಳು ಹೊರಗೇ, 25 ಡಿಗ್ರಿ, 16 ಗಂಟೆ ಬೆಳಕಿನಲ್ಲಿ ಇದ್ದವು.

ಆ ಬಿಡುವಿನಲ್ಲಿ ಪೆಟ್ಟಿಗೆ ಕಟ್ಟಿದೆ. ದಪ್ಪ ಥರ್ಮೊಕೋಲ್ ಪೆಟ್ಟಿಗೆ, ಸುಮಾರು 20 ಲೀಟರ್. ಹಿಂಬದಿಯಲ್ಲಿ ಚೌಕ ಕೊರೆದು ಟಿಇಸಿ1-12706 ಪೆಲ್ಟಿಯರ್ ಬಿಲ್ಲೆ ಕೂರಿಸಿದೆ. 40 ಮಿಲಿಮೀಟರ್ ಚೌಕದ ಬಿಲ್ಲೆ ಅದು. ಕರೆಂಟು ಹರಿದಾಗ ಒಂದು ಮುಖದ ಶಾಖವನ್ನು ಎತ್ತಿ ಇನ್ನೊಂದು ಮುಖಕ್ಕೆ ಹಾಕುತ್ತದೆ. ಒಳಮುಖಕ್ಕೆ ಸಣ್ಣ ಹೀಟ್‌ಸಿಂಕು (ಶಾಖ ಹರಡುವ ಲೋಹದ ರೆಕ್ಕೆಗಳು), ಹೊರಮುಖಕ್ಕೆ ದೊಡ್ಡ ಹೀಟ್‌ಸಿಂಕು ಮತ್ತು ಫ್ಯಾನು, ನಡುವೆ ಥರ್ಮಲ್ ಪೇಸ್ಟು. 12 ವೋಲ್ಟಿನ ಎಸ್‌ಎಂಪಿಎಸ್ ಪವರ್ ಸಪ್ಲೈ, ಡಬ್ಲ್ಯು1209 ಥರ್ಮೊಸ್ಟಾಟು, ಬೆಳಕಿಗೆ ಬಿಳಿ ಎಲ್‌ಇಡಿ ಪಟ್ಟಿ ಮತ್ತು ಟೈಮರು. ಮೊದಲ ಸಲ ಮಾಡುವವರಿಗೆ ಒಂದು ಮಾತು: ಬಿಸಿ ಮುಖಕ್ಕೆ ಹೀಟ್‌ಸಿಂಕು ಕಟ್ಟದೆ ಬಿಲ್ಲೆಗೆ ಕರೆಂಟು ಕೊಡಲೇಬೇಡಿ, ಕೆಲವೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಮೊದಲ ಓಟದಲ್ಲಿ ಹೊರಗೆ 24 ಡಿಗ್ರಿ ಇದ್ದಾಗ ಒಳಗೆ 15ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಬಿಲ್ಲೆಯಲ್ಲಿ ದೋಷವಿರಲಿಲ್ಲ, ಹೊರಗಿನ ಹೀಟ್‌ಸಿಂಕು ಕೈಯಿಡಲಾಗದಷ್ಟು ಕಾದಿತ್ತು. ಬಿಸಿ ಮುಖ ಕಾದಷ್ಟೂ ಶಾಖ ಬಿಲ್ಲೆಯ ಮೂಲಕವೇ ವಾಪಸ್ಸು ಒಳಕ್ಕೆ ಹರಿಯುತ್ತದೆ. ಇನ್ನೂ ದೊಡ್ಡ ಹೀಟ್‌ಸಿಂಕು ಹಾಕಿ, ಫ್ಯಾನಿನ ಗಾಳಿ ಗೋಡೆಗೆ ಬಡಿದು ಮರಳದಂತೆ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದು, ಮುಚ್ಚಳದ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿದ ಮೇಲೆ 11ಕ್ಕೆ ನಿಂತಿತು.

ಥರ್ಮೊಸ್ಟಾಟಿನ ಪಿ-1 ಸೆಟ್ಟಿಂಗು ಕಾರ್ಖಾನೆಯಿಂದ 2 ಡಿಗ್ರಿಗೆ ಇಟ್ಟು ಬರುತ್ತದೆ, ಅಂದರೆ ಅಷ್ಟು ಏರುವವರೆಗೂ ಬಿಲ್ಲೆಗೆ ಕರೆಂಟು ಹಾಕುವ ಸ್ವಿಚ್ಚು (ರಿಲೇ) ಸುಮ್ಮನಿರುತ್ತದೆ. ಅದನ್ನು ಅರ್ಧ ಡಿಗ್ರಿಗೆ ಇಳಿಸಿದೆ. ಸೆನ್ಸರನ್ನು ಕರಗುತ್ತಿರುವ ಐಸಿನಲ್ಲಿ ಅದ್ದಿ ನೋಡಿದಾಗ 0.8 ತೋರಿಸಿತು. ಆ ವ್ಯತ್ಯಾಸವನ್ನೂ ಸರಿಪಡಿಸಿಕೊಂಡೆ.

ದಿನ 52: ಕುಂಡಗಳು ಒಳಗೆ

ಎಂಟು ಕುಂಡ, ಎರಡು ಸಾಲು. ಎಡ ಸಾಲು ತಣ್ಣನೆಯ ಹೀಟ್‌ಸಿಂಕಿನ ಕೆಳಗೆ, ಬಲ ಸಾಲು ದೂರಕ್ಕೆ. ನೀರು ಕೆಳಗಿನ ತಟ್ಟೆಯಿಂದ ಬತ್ತಿಯ ಮೂಲಕ ಏರುವ ಏರ್ಪಾಡು. ಮೇಲಿನಿಂದ ನೀರು ಹಾಕಬಾರದು ಅಂತ ನಾನೇ ಮಾಡಿಕೊಂಡ ನಿಯಮ, ಏಕೆಂದರೆ ಹಿಂದಿನ ವರ್ಷ ಮೇಲೆ ಚಿಮುಕಿಸಿದ್ದ ತಟ್ಟೆಗಳೆಲ್ಲ ಬೂಷ್ಟು ಹಿಡಿದು ಹಾಳಾಗಿದ್ದವು. ಈ ನಿಯಮದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹತ್ತು ದಿನ ಕಳೆದರೂ ಎಲೆ ಬೆಳೆಯುವ ವೇಗ ಕಡಿಮೆಯಾಗಲಿಲ್ಲ. 11 ಡಿಗ್ರಿಯಲ್ಲಿ ಇದು ಆಗುವ ಮಾತಲ್ಲ. ಪ್ರೋಬ್ ಥರ್ಮಾಮೀಟರನ್ನು ನೇರ ಹಾವಸೆಯ ಎಲೆಗಳ ನಡುವೆ ತೂರಿಸಿದೆ: ದೀಪ ಆರಿದಾಗ 11.4, ದೀಪ ಉರಿಯುವಾಗ 17. ನನ್ನ ಸೆನ್ಸರು ಗೋಡೆಗೆ ಅಂಟಿ ನೆರಳಿನಲ್ಲಿ ಕೂತಿತ್ತು. ಅದು ಅಳೆಯುತ್ತಿದ್ದುದು ಗಾಳಿಯನ್ನು. ಗಿಡವಂತೂ ಎಲ್‌ಇಡಿ ಪಟ್ಟಿಯ ಕೆಳಗೆ ನಾಲ್ಕು ಬೆರಳಿನ ದೂರದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಸೆಂಟಿಮೀಟರೂ ಎತ್ತರವಿಲ್ಲದ ಗಿಡಕ್ಕೆ ತನ್ನ ಮೈಗೆ ತಾಗುವ ಆ ತೆಳು ಗಾಳಿಯ ಪದರವೇ ಇಡೀ ಹವಾಮಾನ.

ಮುಚ್ಚಳ ಕತ್ತರಿಸಿ ನಡುವೆ ಅಂತರ ಬಿಟ್ಟು ಅಕ್ರಿಲಿಕ್ಕಿನ ಎರಡು ಹಾಳೆ ಕೂರಿಸಿದೆ, ದೀಪವನ್ನು ಅದರ ಮೇಲಕ್ಕೆ, ಪೆಟ್ಟಿಗೆಯ ಹೊರಗೆ ಸಾಗಿಸಿದೆ. ಸೆನ್ಸರನ್ನು ಎಲೆಗಳ ಮಟ್ಟಕ್ಕೆ ತಂದೆ. ಇಷ್ಟಾದ ಮೇಲೆ ಹಗಲು 12, ರಾತ್ರಿ 11. ಕೋಣೆಯ ದೀಪ ಅಕ್ರಿಲಿಕ್ಕಿನಿಂದ ಒಳನುಗ್ಗದಂತೆ ಸಂಜೆ ಮೇಲೆ ಕಪ್ಪು ಬಟ್ಟೆ ಹೊದಿಸುವುದು ರೂಢಿಯಾಯಿತು. 16 ಗಂಟೆ ಕತ್ತಲೆ ಕೊಡುತ್ತೇನೆ ಅಂದಮೇಲೆ ಅದು ಪೂರ್ತಿ ಕತ್ತಲೆಯೇ ಆಗಿರಬೇಕು.

ದಿನ 81

ಮೊದಲ ಗಂಡು ತಲೆ! ಗಿಡದ ತುದಿಯ ಎಲೆಗಳು ಅಗಲವಾಗಿ ಬಿಚ್ಚಿ ಪುಟ್ಟ ಹೂವಿನಂತೆ ಆಗಿದ್ದವು, ನಡುವೆ ಕಿತ್ತಳೆ ಬಣ್ಣದ ಚುಕ್ಕೆ. ಒಂದನ್ನು ಕಿತ್ತು ಗಾಜಿನ ಮೇಲೆ ಬಿಡಿಸಿದೆ. 100 ಪಟ್ಟು ಹಿಗ್ಗಿಸಿ ನೋಡಿದಾಗ ಮೊದಲು ಕಂಡದ್ದು ತುದಿ ಗುಂಡಗಿರುವ ಹಸಿರು ಎಳೆಗಳು, ಮಣಿ ಪೋಣಿಸಿಟ್ಟಂತೆ. ಅವುಗಳ ನಡುವೆ ಗದೆಯ ಆಕಾರದ ಚೀಲಗಳು, ಅವೇ ಗಂಡು ಅಂಗ, ಆಂಥೆರಿಡಿಯಂ. ಎಳೆಯವು ಹಸಿರು, ಬಲಿತವು ಕೆಂಪು ಮಿಶ್ರಿತ ಕಂದು. ಅಂಚಿನಿಂದ ಒಂದು ತೊಟ್ಟು ನೀರು ಬಿಟ್ಟೆ. ಕಂದು ಚೀಲವೊಂದರ ತುದಿ ತೆರೆದುಕೊಂಡಿತು. ಒಳಗಿನಿಂದ ಬೂದು ಬಣ್ಣದ ಮುದ್ದೆ ನಿಧಾನವಾಗಿ ಹೊರಬಂದು, ಮೋಡ ಚದುರಿದಂತೆ ಹರಡಿತು. ಪ್ರತಿಯೊಂದು ವೀರ್ಯಾಣುವಿಗೂ ಎರಡು ಬಾಲ. ಸುರುಳಿ ಬಿಚ್ಚಿಕೊಂಡು ಈಜುತ್ತಿದ್ದವು. ಗಾಜಿನ ಅಂಚು ಒಣಗುವವರೆಗೂ ಕಣ್ಣು ತೆಗೆಯಲಾಗಲಿಲ್ಲ.

ಫ್ಯುನೇರಿಯಾದಲ್ಲಿ ಗಂಡು ತಲೆ ಮೊದಲು, ಮುಖ್ಯ ಕಾಂಡದ ತುದಿಯಲ್ಲಿ. ಅದರ ಬುಡದಿಂದ ಪಕ್ಕದ ಕೊಂಬೆ ಒಡೆದು ಹೆಣ್ಣು ತಲೆ ಹೊರುತ್ತದೆ, ಆಮೇಲೆ ಗಂಡನ್ನೂ ಮೀರಿ ಎತ್ತರಕ್ಕೆ ಹೋಗುತ್ತದೆ. ಒಂದೇ ಗಿಡದಲ್ಲಿ ಎರಡೂ ಇರುವುದರಿಂದಲೇ ನಾನು ಇದನ್ನು ಆರಿಸಿಕೊಂಡದ್ದು. ದಿನ 88ಕ್ಕೆ ಉದ್ದ ಕತ್ತಿನ ಹೂಜಿಯಂಥ ಹೆಣ್ಣು ಅಂಗ, ಆರ್ಕಿಗೋನಿಯಂಗಳೂ ಸಿಕ್ಕವು. ಪೆಟ್ಟಿಗೆ ಕೆಲಸ ಮಾಡಿತ್ತು. ಇನ್ನು ಕಡ್ಡಿ ಏಳುವುದು ಕಾಯುವ ವಿಷಯ ಮಾತ್ರ ಅಂದುಕೊಂಡೆ.

ದಿನ 95: ಒಂದು ದುರಸ್ತಿ

ಮೊದಲಿನಿಂದಲೂ ಒಂದು ಕಿರಿಕಿರಿ ಇತ್ತು. ಒಳಗಿನ ತಣ್ಣನೆಯ ಹೀಟ್‌ಸಿಂಕಿನ ಮೇಲೆ ಗಾಳಿಯ ತೇವ ನೀರಾಗಿ ಕೂತು, ಹನಿ ಹನಿಯಾಗಿ ಎಡ ಸಾಲಿನ ಮೊದಲ ಎರಡು ಕುಂಡಗಳ ಮೇಲೆ ಬೀಳುತ್ತಿತ್ತು. ಎಲ್ಲ ಕುಂಡಗಳಿಗೂ ಒಂದೇ ಸ್ಥಿತಿ ಇರಬೇಕೆಂಬ ಹಟ ನನಗೆ. ಅಲ್ಯುಮಿನಿಯಂ ಹಾಳೆ ಮಡಚಿ ದೋಣಿ ಮಾಡಿ, ಹನಿಗಳು ಕೊಳವೆಯಿಂದ ಹೊರಕ್ಕೆ ಹೋಗುವಂತೆ ಮಾಡಿದೆ. ದಿನಚರಿಯಲ್ಲಿ 'ತೊಟ್ಟಿಕ್ಕುವ ದೋಷ ಸರಿಯಾಯಿತು' ಅಂತ ಬರೆದಿದ್ದೇನೆ. ಆ ಸಾಲನ್ನು ಹಾಗೇ ಉಳಿಸಿಕೊಂಡಿದ್ದೇನೆ.

ದಿನ 124

ಎಡ ಸಾಲಿನ ಮೊದಲ ಕುಂಡದಲ್ಲಿ ಹನ್ನೊಂದು ಕಡ್ಡಿ. ಎರಡನೆಯದರಲ್ಲಿ ಆರು. ಉಳಿದ ಆರು ಕುಂಡಗಳಲ್ಲಿ ಒಂದೂ ಇಲ್ಲ.

ಎಣಿಸಿದೆ, ಮತ್ತೆ ಎಣಿಸಿದೆ. ಎಲ್ಲ ಕುಂಡಗಳಿಗೂ ಒಂದೇ ಚಳಿ, ಒಂದೇ ಹಗಲು, ಒಂದೇ ಮಣ್ಣು, ಒಂದೇ ಡಬ್ಬಿಗಳ ಸ್ಪೋರು. ಬಲ ಸಾಲಿನಿಂದ ಹೆಣ್ಣು ತಲೆಗಳನ್ನು ಬಿಡಿಸಿ ನೋಡಿದರೆ ಆರ್ಕಿಗೋನಿಯಂಗಳು ಇದ್ದವು. ಕೆಲವು ಆಗಲೇ ಕಂದಾಗಿ ಮುದುಡಿದ್ದವು, ಕಾದು ಕಾದು ಮುಪ್ಪಾದಂತೆ. ವ್ಯತ್ಯಾಸ ಒಂದೇ: ಆ ಎರಡು ಕುಂಡಗಳ ಮೇಲೆ ನಲವತ್ತು ದಿನ ಹನಿ ಬಿದ್ದಿತ್ತು.

ಹಾವಸೆಯ ವೀರ್ಯಾಣು ಈಜಿಯೇ ಹೋಗಬೇಕು, ಇದು ಶಾಲೆಯ ಪಾಠ, ನನಗೂ ಗೊತ್ತಿತ್ತು. ಪೆಟ್ಟಿಗೆಯ ತೇವಾಂಶ ಸದಾ ಶೇಕಡಾ 90ರ ಮೇಲೇ ಇದ್ದುದರಿಂದ ನೀರಿಗೇನೂ ಕೊರತೆಯಿಲ್ಲ ಅಂತ ನಂಬಿದ್ದೆ. ತೇವದ ಗಾಳಿ ಬೇರೆ, ಈಜುವಷ್ಟು ನೀರು ಬೇರೆ. ಗಂಡು ತಲೆಯಿಂದ ಹೆಣ್ಣು ತಲೆಯವರೆಗೆ ಕೆಲವೇ ಮಿಲಿಮೀಟರು, ಆದರೆ ಆ ದಾರಿಯುದ್ದಕ್ಕೂ ಎಲೆಗಳ ಮೇಲೆ ನೀರಿನ ಪೊರೆ ಎಲ್ಲೂ ಕಡಿಯದೆ ಇರಬೇಕು. ಆಂಥೆರಿಡಿಯಂ ಬಾಯಿ ತೆರೆಯುವುದೂ ಒದ್ದೆಯಾದಾಗಲೇ. ಹೂಜಿಯ ಕತ್ತಿನೊಳಗಿನ ಕೋಶಗಳು ಕರಗಿ ದಾರಿ ಬಿಡುವುದೂ ಒದ್ದೆಯಾದಾಗಲೇ. ಅಲ್ಲಿಂದ ಹೊರಬರುವ ಸಕ್ಕರೆಯ ಜಾಡು ಹಿಡಿದು ವೀರ್ಯಾಣು ಒಳಗೆ ಹೋಗುತ್ತದೆ. ಹಾವಸೆಯ ವೀರ್ಯಾಣುಗಳನ್ನು ಸೆಳೆಯುವುದು ಸುಕ್ರೋಸ್ ಎಂದು 1884ರಲ್ಲೇ ಫೆಫರ್ ತೋರಿಸಿದ್ದರು. ಜೊತೆಗೆ ಹನಿಯ ಪೆಟ್ಟಿಗೂ ಬೆಲೆಯಿದೆ. ಪಾಲಿಟ್ರೈಕಂ ಎಂಬ ಎತ್ತರದ ಹಾವಸೆಯ ಗಂಡು ತಲೆ ಬಟ್ಟಲಿನಂತೆಯೇ ಇರುವುದು ಇದಕ್ಕಾಗಿ: ಮಳೆಹನಿ ಬಿದ್ದು ಸಿಡಿದಾಗ ವೀರ್ಯಾಣುಗಳೂ ತುಂತುರಿನ ಜೊತೆ ಹಾರುತ್ತವೆ.

ಬತ್ತಿಯ ನೀರು ಬುಡವನ್ನಷ್ಟೇ ಒದ್ದೆ ಮಾಡುತ್ತಿತ್ತು. ನಾನು ದೋಷವೆಂದು ಮುಚ್ಚಿದ ಆ ಹನಿಯೇ ಪೆಟ್ಟಿಗೆಯೊಳಗಿನ ಮಳೆಯಾಗಿತ್ತು.

ದಿನ 126ರಿಂದ: ಮಳೆ ಕಟ್ಟಿದ್ದು

ದೋಣಿ ಕಿತ್ತೆ. ಆದರೆ ಹೀಟ್‌ಸಿಂಕಿನ ಹನಿ ಎರಡೇ ಕುಂಡಕ್ಕೆ ತಲಪುತ್ತದೆ, ಹಾಗಾಗಿ ಬೇರೆ ಮಳೆ ಬೇಕಾಯಿತು. ಡ್ರಿಪ್ಪಿನ ತೆಳು ಕೊಳವೆಗೆ ಸೂಜಿಯಿಂದ ಸಾಲಾಗಿ ತೂತು ಮಾಡಿ ಮುಚ್ಚಳದ ಕೆಳಗೆ ಕಟ್ಟಿದೆ, ಎಲೆಗಳಿಂದ ಒಂದು ಗೇಣು ಮೇಲೆ. ನೀರು ಡಿಸ್ಟಿಲ್ಡ್ ಅಥವಾ ಮಳೆಯದೇ ಆಗಬೇಕು. ಗಡಸು ನೀರಾದರೆ ಎಲೆಗಳ ಮೇಲೆ ಸುಣ್ಣದ ಬಿಳಿ ಪೊರೆ ಕೂರುತ್ತದೆ, ಅದನ್ನು ಹಿಂದೆ ಅನುಭವಿಸಿದ್ದೇನೆ. ನೀರನ್ನು ಪೆಟ್ಟಿಗೆಯೊಳಗೇ ಇಟ್ಟು ಅದೇ ತಂಪಿಗೆ ತಂದುಕೊಂಡು ಬಿಡುವುದು ಲೇಸು.

ಇದ್ದ ಆರು ಬರಿ ಕುಂಡಗಳನ್ನು ಮೂರು ಜೋಡಿ ಮಾಡಿದೆ. ಒಂದು ಜೋಡಿಗೆ ಎಂದಿನ ಬತ್ತಿ ಮಾತ್ರ. ಇನ್ನೊಂದಕ್ಕೆ ದಿನಕ್ಕೆರಡು ಸಲ ಸ್ಪ್ರೇ ಬಾಟಲಿಯ ನುಣುಪು ಮಂಜು. ಮೂರನೆಯದಕ್ಕೆ ಬೆಳಗ್ಗೆ ಹತ್ತು ನಿಮಿಷ ಹನಿ, ಆಮೇಲೆ ಎಲೆಗಳ ಮೇಲೆ ನೀರು ನಿಲ್ಲುವಂತೆ ಎರಡು ಗಂಟೆ ಬಿಟ್ಟು, ಮುಚ್ಚಳ ತುಸು ಸರಿಸಿ ಆರಲು ಅವಕಾಶ. ಬೂಷ್ಟಿನ ಭಯಕ್ಕೆ ಈ ಆರಿಸುವಿಕೆಯೇ ಮದ್ದಾಯಿತು. ಹಿಂದಿನ ವರ್ಷ ತಟ್ಟೆಗಳನ್ನು ಕೆಡಿಸಿದ್ದು ಮೇಲಿನಿಂದ ಬಿದ್ದ ನೀರಲ್ಲ, ಅದು ಯಾವತ್ತೂ ಆರದೇ ಇದ್ದದ್ದು.

ದಿನ 158ಕ್ಕೆ ಲೆಕ್ಕ: ಬತ್ತಿಯ ಜೋಡಿಯಲ್ಲಿ ಸೊನ್ನೆ, ಮಂಜಿನ ಜೋಡಿಯಲ್ಲಿ ನಾಲ್ಕು, ಹನಿಯ ಜೋಡಿಯಲ್ಲಿ ಇಪ್ಪತ್ತೊಂಬತ್ತು. ಎರಡೆರಡೇ ಕುಂಡ ಆದ್ದರಿಂದ ಇದನ್ನು ದೊಡ್ಡ ಪುರಾವೆಯೆಂದು ಹೇಳುವುದಿಲ್ಲ. ನನ್ನ ಮುಂದಿನ ಪೆಟ್ಟಿಗೆಗೆ ಮಾತ್ರ ಇಷ್ಟು ಸಾಕು. ಚಳಿಯಿಲ್ಲದೆ ಹೊರಗೇ ಬಿಟ್ಟಿದ್ದ ಒಂದು ಹಳೆಯ ತಟ್ಟೆಗೂ ಅದೇ ಹನಿ ಕೊಟ್ಟು ನೋಡಿದೆ, ಅಲ್ಲಿ ಬರೀ ಎಲೆ.

ಬೆಳ್ಳಿ ಹಾವಸೆಯ ಕುಂಡ

ಜಾಗ ಉಳಿದಿತ್ತೆಂದು ಒಂದು ಮೂಲೆಯಲ್ಲಿ ಬ್ರಯಂ ಆರ್ಜೆಂಟಿಯಂ ಕೂಡ ಇಟ್ಟಿದ್ದೆ. ಎಲೆಯ ತುದಿ ಬೆಳ್ಳಗೆ ಹೊಳೆಯುವ, ಕಾಂಕ್ರೀಟಿನ ಬಿರುಕಿನಲ್ಲೆಲ್ಲ ಕಾಣುವ ಹಾವಸೆ. ಚಳಿ, ಹನಿ ಎರಡೂ ಸಿಕ್ಕರೂ ಅದರಲ್ಲಿ ಒಂದು ಕಡ್ಡಿಯಿಲ್ಲ. ಇಪ್ಪತ್ತು ತುದಿಗಳನ್ನು ಬಿಡಿಸಿ ನೋಡಿದೆ. ಅಂಗ ಇದ್ದಲ್ಲೆಲ್ಲ ಆರ್ಕಿಗೋನಿಯಂ ಮಾತ್ರ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಾನು ತಂದದ್ದು ಒಂದೇ ಹಿಡಿ, ಬಹುಶಃ ಒಂದೇ ಹೆಣ್ಣಿನ ತುಂಡುಗಳಿಂದ ಹಬ್ಬಿದ್ದು. ಹಾವಸೆ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆಯೇ ಬೇರೆ ಬೇರೆ. ತುಂಡಿನಿಂದಲೂ ಪುಟ್ಟ ಗೆಡ್ಡೆಯಂಥ ಮೊಗ್ಗುಗಳಿಂದಲೂ ಹರಡಿಕೊಂಡು ವರ್ಷಗಟ್ಟಲೆ ಗಂಡಿನ ಮುಖ ನೋಡದೆ ಬಾಳುತ್ತವೆ. 2006ರಲ್ಲಿ ಸ್ವೀಡನ್ನಿನ ಕ್ರೋನ್‌ಬರ್ಗ್ ಮತ್ತು ಸಂಗಡಿಗರು ಇದೇ ಹಾವಸೆಯ ಗಂಡು ಹೆಣ್ಣು ತೇಪೆಗಳನ್ನು ಕೆಲವು ಸೆಂಟಿಮೀಟರು ದೂರವಿಟ್ಟು ನೋಡಿದರು. ಅಂತರವಿದ್ದಲ್ಲಿ ಕಡ್ಡಿ ಎದ್ದದ್ದು ಸ್ಪ್ರಿಂಗ್‌ಟೇಲ್ ಮತ್ತು ನುಸಿಯಂಥ ಮಣ್ಣಿನ ಸಣ್ಣ ಜೀವಿಗಳನ್ನು ಸೇರಿಸಿದಾಗ ಮಾತ್ರ, ವೀರ್ಯಾಣುಗಳನ್ನು ಹೊತ್ತು ದಾಟಿಸಿದ್ದು ಅವೇ. ನಾನು ಮಣ್ಣನ್ನು ಬೇಯಿಸಿ ಅವನ್ನೂ ಹೊರಗಿಟ್ಟಿದ್ದೆ. ಬೇರೆ ಬೇರೆ ಕಡೆಯ ನಾಲ್ಕಾರು ಹಿಡಿ ತಂದು, ಗಂಡು ಸಿಕ್ಕರೆ ಅಕ್ಕಪಕ್ಕ ನೆಟ್ಟು, ಒಂದು ಚಮಚ ಬೇಯಿಸದ ಮಣ್ಣು ಉದುರಿಸಿ ನೋಡುವ ಕೆಲಸ ಬಾಕಿಯಿದೆ.

ದಿನ 160ರಿಂದ 215

ಕಡ್ಡಿ ಎದ್ದ ಮೇಲೆ ಗಿಡದ ಬೇಡಿಕೆ ತಿರುಗುತ್ತದೆ. ನೀರಿನ ಮಳೆ ನಿಲ್ಲಿಸಿದೆ, ವಾರಕ್ಕೆ 2 ಡಿಗ್ರಿಯಂತೆ 20ಕ್ಕೆ ಏರಿಸಿದೆ, ಹಗಲನ್ನು 12 ಗಂಟೆ ಮಾಡಿದೆ. ಪ್ರತಿ ಕಡ್ಡಿಯ ತಲೆಗೂ ತಾಯಿಗಿಡದ್ದೇ ಅಂಗಾಂಶದ ಚೂಪು ಟೊಪ್ಪಿಗೆ ಇರುತ್ತದೆ. ಎಳೆಯ ತುದಿ ಒಣಗದಂತೆ ಕಾಯುವುದು ಅದೇ. ಫೋಟೋ ತೆಗೆಯುವಾಗ ಚಿಮಟ ತಾಗಿ ಎರಡರ ಟೊಪ್ಪಿಗೆ ಬಿದ್ದುಹೋಯಿತು. ಎರಡೂ ಅಲ್ಲಿಗೇ ಕುಂಠಿತವಾಗಿ ಬಾಡಿದವು. ಆಮೇಲೆ ಹತ್ತಿರ ಹೋಗುವುದನ್ನೇ ಬಿಟ್ಟೆ.

ಡಬ್ಬಿಗಳು ಮೊದಲು ಹಸಿರು, ಸ್ವಂತ ಆಹಾರವನ್ನೂ ಸ್ವಲ್ಪ ಮಾಡಿಕೊಳ್ಳುತ್ತವೆ. ಆಮೇಲೆ ಹಳದಿ, ಕಿತ್ತಳೆ, ಕೊನೆಗೆ ಕಂದು. ಪೇರುಹಣ್ಣಿನಂತೆ ಒಂದು ಕಡೆ ಉಬ್ಬಿ, ಕತ್ತು ಬಗ್ಗಿಸಿ ನಿಲ್ಲುತ್ತವೆ. 215ನೇ ದಿನ ಮೊದಲ ಮುಚ್ಚಳ ಕಳಚಿತ್ತು. ಒಳಗೆ ಹಲ್ಲುಗಳ ಎರಡು ಸುತ್ತು, ಸುತ್ತಿಗೆ ಹದಿನಾರು, ಓರೆಯಾಗಿ ಸುರುಳಿ ಸುತ್ತಿದಂತೆ.

ಆ ಕುಂಡವನ್ನು ಪೆಟ್ಟಿಗೆಯಿಂದ ಹೊರತಂದು ಕೈಮಸೂರ ಹಿಡಿದು, ಒಣಗಿ ಹಗ್ಗದಂತೆ ಹೊಸೆದುಕೊಂಡಿದ್ದ ಕಡ್ಡಿಯ ಮೇಲೆ ಬಾಯಿಯಿಂದ ಬಿಸಿ ಉಸಿರು ಬಿಟ್ಟೆ. ಕಡ್ಡಿ ಸರಸರ ಬಿಚ್ಚಿಕೊಂಡು ಡಬ್ಬಿ ಅರ್ಧ ಸುತ್ತು ತಿರುಗಿತು. ಉಸಿರಿನ ತೇವ ಆರಿದಂತೆ ಮತ್ತೆ ಹಿಂದಕ್ಕೆ ಹೊಸೆದುಕೊಂಡಿತು. ಹೆಸರಿನಲ್ಲಿರುವ ಹೈಗ್ರೊಮೆಟ್ರಿಕಾ ಅಂದರೆ ಇದೇ, ತೇವವನ್ನು ಅಳೆಯುವುದು. ಹಾಗೆ ತಿರುಗಿದಾಗ ಹಲ್ಲುಗಳ ಸಂದಿನಿಂದ ಹೊರಬಿದ್ದ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿದುಕೊಂಡಿದ್ದೇನೆ. ನಾಳೆ ಹೊಸ ಎಂಟು ಕುಂಡ. ಈ ಸಲ ಹನಿಯ ಕೊಳವೆ ಮೊದಲ ದಿನದಿಂದಲೇ ಮುಚ್ಚಳದಲ್ಲಿ ಇರುತ್ತದೆ.